ಇಲ್ಲದ ಗಂಡನ ಹೊಟ್ಟೆಯುಬ್ಬರ

ಎರಡೂ ಕೈಗಳನ್ನು ಹೊಟ್ಟೆಯ ಮುಂದೆ ತಂದು, ನಿಧಾನವಾಗಿ ಮುಂದಕ್ಕೆ ಸರಿಸಿ, ಕೆನ್ನೆ ಉಬ್ಬಿಸಿ, ಕಣ್ಣು ಅರಳಿಸಿ, ಅವಳು ಔಷಧಿ ಅಂಗಡಿಯ ಕೌಂಟರಿನ ಮುಂದೆ ಬಲೂನಾಗಿ ನಿಂತಿದ್ದಳು.

ಕೌಂಟರಿನ ಆಚೆ ಬಿಳಿ ಕೋಟು ತೊಟ್ಟ ಗುಂಗುರು ಕೂದಲಿನ ಹುಡುಗಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅರ್ಥವಾಯಿತು ಎಂಬಂತೆ ಮುಖವೆಲ್ಲ ನಗೆ ಮಾಡಿಕೊಂಡಳು. ಒಳಗೆ ಹೋಗಿ, ಬಸುರಿಯೋ ಅಲ್ಲವೋ ನೋಡಿಕೊಳ್ಳುವ ಪೊಟ್ಟಣ ತಂದು ಅವಳ ಮುಂದಿಟ್ಟಳು.

"ಅಯ್ಯೋ ನನ್ನ ಕರ್ಮವೇ... ಇದಲ್ಲ ಕಣೇ ತಾಯಿ, ಗ್ಯಾಸು, ಬರೀ ಗ್ಯಾಸು..."

"ಹೊಟ್ಟೆ ಉಬ್ಬರಾನಾ?"

ಅಚ್ಚ ಕನ್ನಡ. ಕಪಾಟಿನ ಹಿಂದಿನಿಂದ.

ಅವಳ ಉಬ್ಬಿದ ಕೆನ್ನೆಯ ಗಾಳಿ ತಾನಾಗಿಯೇ ಹೊರಟುಹೋಯಿತು. ಕಪಾಟಿನ ಮರೆಯಿಂದ ಇನ್ನೊಂದು ಬಿಳಿ ಕೋಟು ಹೊರಬಂತು. ಅದರೊಳಗೆ ಒಬ್ಬ ಯುವಕ. ನಗು ತಡೆಯಲು ತುಟಿ ಬಿಗಿಹಿಡಿದಿದ್ದ, ಆದರೆ ಕೆನ್ನೆಯ ಗುಳಿ ಅವನ ಮಾತು ಕೇಳಿರಲಿಲ್ಲ.

ಗುಳಿಗೆ ಕೊಡುವವನ ಕೆನ್ನೆಯಲ್ಲೇ ಗುಳಿ! ಇದಕ್ಕೆ ಔಷಧಿ ಯಾರು ಕೊಡಬೇಕು?

ಅವಳು ಬಟ್ಟೆ ಸರಿಪಡಿಸುವ ಅಂಗಡಿಯಲ್ಲಿ ಹೊಲಿಗೆಯವಳು. ದೇಶ ಬಿಟ್ಟು ಬಂದವಳಿಗೆ ಇಲ್ಲಿನ ಭಾಷೆಯಲ್ಲಿ ಸಲೀಸಾಗಿ ಬರುತ್ತಿದ್ದದ್ದು ಸೊಂಟದ ಅಳತೆ, ದಾರದ ಬಣ್ಣ, ಮತ್ತೆ ಯಾವ ದೇಶದ ದರ್ಜಿಯೂ ಮೊದಲು ಕಲಿಯುವ "ನಾಳೆ ಬನ್ನಿ". ಹೊರಡುವಾಗ ಚಿಕ್ಕಮ್ಮ ತುಂಬಿಕೊಟ್ಟಿದ್ದ ಔಷಧಿ ಡಬ್ಬಿ ಖಾಲಿಯಾಗಿತ್ತು. ಊರಲ್ಲಾದರೆ ಅಂಗಡಿಯ ಮೆಟ್ಟಿಲ ಕೆಳಗೇ ನಿಂತು "ಅಣ್ಣಾ, ತಲೆನೋವಿಗೆ ಎರಡು ಕೊಡಿ" ಅಂದರೆ ಸಾಕು, ಕತ್ತರಿಯಲ್ಲಿ ಕತ್ತರಿಸಿ ಕೊಡುತ್ತಿದ್ದರು. ಇಲ್ಲಿನ ಕಪಾಟುಗಳೆದುರು ನಿಂತರೆ ಪರಿಚಯವಿಲ್ಲದವರ ಮದುವೆಗೆ ಬಂದ ಹಾಗೆ... ಎಲ್ಲರೂ ಅಲಂಕಾರವಾಗಿ ನಿಂತಿದ್ದಾರೆ, ಯಾರು ಯಾರ ಕಡೆಯವರೋ ಗೊತ್ತಾಗುವುದಿಲ್ಲ.

"ನೀರಿಗೆ ಹಾಕಿದ್ರೆ ಬುಸ್ಸನ್ನುತ್ತಲ್ಲ, ಆ ಪುಡಿ ಕೇಳ್ತಿದ್ದೀರಾ? ಇಲ್ಲಿ ಅದು ಮಾತ್ರೆ. ಹೆಸರು ಬೇರೆ, ಬುಸ್ಸು ಅದೇ." ಅವನು ಒಂದು ಕೊಳವೆ ಡಬ್ಬಿ ತೆಗೆದ. ಆದರೆ ಕೈಗೆ ಕೊಡಲಿಲ್ಲ. "ಕೇಳದೆ ಕೊಡೋ ಹಾಗಿಲ್ಲ ಇಲ್ಲಿ. ಇದು ಯಾರಿಗೆ?"

ನನಗೆ, ಅನ್ನಬೇಕಿತ್ತು. ಮೂರೇ ಅಕ್ಷರ.

ಆದರೆ ಆ ಗುಳಿಯ ಮುಂದೆ ನಿಂತು 'ಗ್ಯಾಸು ನನಗೆ' ಎನ್ನುವುದಾದರೂ ಹೇಗೆ?

"ನನ್ನ... ಯಜಮಾನರಿಗೆ."

ಅವನ ಕೈ ಒಂದು ಕ್ಷಣ ಅಲ್ಲೇ ನಿಂತಿತು. ಗುಳಿ ಮಾಯವಾಯಿತು. "ಓ. ವಯಸ್ಸೆಷ್ಟು ಅವರಿಗೆ? ಬೇರೆ ಮಾತ್ರೆ ಏನಾದ್ರೂ ತಗೋತಾರಾ?"

ಹೀಗೆ, ಔಷಧಿ ಅಂಗಡಿಯ ಕೌಂಟರಿನ ಮೇಲೆ, ತಾಳಿಯಿಲ್ಲದೆ ವಾಲಗವಿಲ್ಲದೆ ಅವಳ ಮದುವೆ ನಡೆದುಹೋಯಿತು.

*

ಆಮೇಲೆ ಆ ಬಡಪಾಯಿ ಗಂಡನಿಗೆ ಬಾರದ ಕಾಯಿಲೆಯಿಲ್ಲ. ನೆಗಡಿ ಬಂತು. ಒಣಕೆಮ್ಮು ಬಂತು. ಹಿಮ್ಮಡಿ ಬಿರಿಯಿತು. ತಲೆಯಲ್ಲಿ ಹೊಟ್ಟು ಉದುರಿತು. ಅವಳು ಅವನ ಕೆಮ್ಮನ್ನು ಕೆಮ್ಮಿ ತೋರಿಸುತ್ತಿದ್ದಳು, ಅವನ ಗೊರಕೆಯನ್ನೂ, ಮಾತ್ರೆ ಕಂಡರೆ ಅವನು ಮುಖ ತಿರುಗಿಸುವುದನ್ನೂ. ಗುಳಿಕೆನ್ನೆಯವನು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದ. ನಕ್ಕಾದ ಮೇಲೆ ಮಾತ್ರ ತಪ್ಪದೆ ಕೇಳುತ್ತಿದ್ದ: "ಪಾಪ, ಅವರು ನೀರು ಸರಿಯಾಗಿ ಕುಡೀತಾರಾ? ನಿದ್ದೆ ಬರುತ್ತಾ?"

ಅವರು, ಅವರು, ಅವರು! ನನಗೆ ನಿದ್ದೆ ಬರುತ್ತಾ ಅಂತ ಒಂದು ಸಲವಾದರೂ ಕೇಳಬಾರದೇ?

ಒಂದು ಸಂಜೆ ಅವನು ಕೋಟಿನ ಜೇಬಿನಿಂದ ಪುಟ್ಟ ಗಾಜಿನ ಶೀಶೆ ತೆಗೆದು ಅವಳ ಮುಂದಿಟ್ಟ. ಊರಿನ ಬಾಮು. ಅರ್ಧ ಖಾಲಿಯಾಗಿತ್ತು.

"ಇದು ಅಂಗಡೀದಲ್ಲ, ನಂದು. ಮನೆಯಿಂದ ಬಂದಿದ್ದು, ಇಲ್ಲೆಲ್ಲೂ ಸಿಗಲ್ಲ. ಯಜಮಾನರ ಹಣೆಗೆ ಹಚ್ಚಿ."

ಬಾಡಿಗೆ ಕೋಣೆಗೆ ಬಂದು ಮುಚ್ಚಳ ತೆಗೆದಳು. ಆ ಘಾಟು ವಾಸನೆಯಲ್ಲಿ ಚಿಕ್ಕಮ್ಮನ ಅಂಗೈ ಇತ್ತು, ಪರೀಕ್ಷೆಯ ಹಿಂದಿನ ದಿನದ ತಲೆನೋವಿತ್ತು, ಕಂಬಳಿಯ ಒಳಗಿನ ಬಿಸುಪಿತ್ತು. ಕಣ್ಣು ತುಂಬಿ ಬಂತು. ಬಾಮಿನ ಖಾರಕ್ಕೆ ಎಂದು ತನಗೆ ತಾನೇ ಹೇಳಿಕೊಂಡಳು.

ಮರುಕ್ಷಣವೇ ಸಿಟ್ಟು. ಯಜಮಾನರ ಹಣೆಗಂತೆ! ಇಲ್ಲದ ಹಣೆಗೆ ಇದ್ದ ಬಾಮೆಲ್ಲ. ತಾನೇ ಹುಟ್ಟಿಸಿದ ಗಂಡನ ಮೇಲೆ ಅವಳಿಗೆ ಹೊಟ್ಟೆಕಿಚ್ಚು ಶುರುವಾಗಿತ್ತು.

"ಸತ್ಯ ಹೇಳಿಬಿಡು," ಎಂದಳು ಚಿಕ್ಕಮ್ಮ ಫೋನಿನಲ್ಲಿ.

"ಹೇಳಿದ್ರೆ ಸುಳ್ಳುಬುರುಕಿ ಅಂತಾನೆ. ಅಂಗಡಿಗೇ ಸೇರಿಸಲ್ಲ."

"ಹೇಳದೆ ಹೋದ್ರೆ ಇನ್ಯಾರನ್ನೋ ಕಟ್ಟಿಕೊಳ್ತಾನೆ. ಅಲ್ಲ ಕಣೇ, ಇಲ್ಲದ ಗಂಡನಿಗೇ ಇಷ್ಟು ಕಾಯಿಲೆ ಕೊಟ್ಟಿದ್ದೀಯಲ್ಲ, ನಿಜವಾಗಿ ಇದ್ದಿದ್ರೆ ಆ ಪಾಪದವನು ಯಾವತ್ತೋ ಓಡಿಹೋಗಿರೋನು."

ಇನ್ಯಾರನ್ನೋ... ಆ ಮಾತು ಅವಳೊಳಗೆ ಮುರಿದ ಸೂಜಿಯ ತುದಿಯ ಹಾಗೆ ಉಳಿದುಕೊಂಡಿತು. ಯಾಕೆಂದರೆ ಆ 'ಇನ್ಯಾರೋ' ಕೌಂಟರಿನ ಆಚೆಯೇ ಇದ್ದಳಲ್ಲ! ದಿನವಿಡೀ ಅವನ ಪಕ್ಕದಲ್ಲಿ. ಅವನಿಗೆ ಚಹಾ ತಂದು ಕೊಡುವವಳು, ಅವನ ಕೋಟಿನ ಕಾಲರು ಸರಿಮಾಡುವವಳು. ಅಷ್ಟೊಂದು ಕೂದಲು ಒಬ್ಬಳಿಗೇ ಯಾಕೆ ಬೇಕು?

*

ಆ ಅಂಗಡಿಯ ಮೂಲೆಯಲ್ಲಿ ಮಸುಕು ಗಾಜಿನ ಬಾಗಿಲಿನ ಚಿಕ್ಕ ಕೋಣೆಯೊಂದಿತ್ತು. ಎಲ್ಲರೆದುರು ಹೇಳಲಾಗದ್ದನ್ನು ಜನ ಅಲ್ಲಿ ಕೂತು ಹೇಳಿಕೊಳ್ಳುತ್ತಿದ್ದರು.

ಶುಕ್ರವಾರ ಅವಳು ಒಂದು ನಿರ್ಧಾರ ಮಾಡಿಕೊಂಡೇ ಹೋದಳು. ಇವತ್ತು ಹೇಳಿಬಿಡುತ್ತೇನೆ.

ಕೌಂಟರಿನಲ್ಲಿ ಯಾರೂ ಇರಲಿಲ್ಲ. ಮಸುಕು ಗಾಜಿನ ಹಿಂದೆ ಎರಡು ನೆರಳು. ಒಂದರ ತಲೆ ಗುಂಗುರು.

ಅವನ ನೆರಳು ಕೆಮ್ಮಿತು. ಅವಳ ನೆರಳೂ ಕೆಮ್ಮಿತು. ಇಬ್ಬರೂ ನಕ್ಕರು. ಆಮೇಲೆ ಅವನು ಎರಡೂ ಕೈ ಹೊಟ್ಟೆಯ ಮುಂದೆ ತಂದು, ನಿಧಾನವಾಗಿ ಮುಂದಕ್ಕೆ ಸರಿಸಿ, ಕೆನ್ನೆ ಉಬ್ಬಿಸಿದ. ಗುಂಗುರು ನೆರಳು ಅದನ್ನೇ ಮಾಡಿ ತೋರಿಸಿತು.

ಅದು ನನ್ನ ಬಲೂನು...

ನನ್ನನ್ನು ಆಡಿಕೊಂಡು ನಗುತ್ತಿದ್ದಾರೆ. ನಾನು ಹೋದ ಮೇಲೆ ಇವರಿಗೆ ಇದೇ ತಮಾಷೆ. ಊರಲ್ಲಿದ್ದಾಗ ಎಲ್ಲರನ್ನೂ ಅಣಕಿಸಿ ಚಪ್ಪಾಳೆ ಗಿಟ್ಟಿಸಿದವಳು, ತನ್ನನ್ನೇ ಯಾರೋ ಅಣಕಿಸುವುದನ್ನು ಮೊದಲ ಸಲ ನೋಡುತ್ತಿದ್ದಳು. ಸದ್ದಾಗದಂತೆ ಹೊರಗೆ ಬಂದುಬಿಟ್ಟಳು.

ಮರುದಿನ ಹೊಲಿಗೆಯಂಗಡಿಯಲ್ಲಿ ಯಾರದೋ ಪ್ಯಾಂಟಿನ ಎರಡು ಕಾಲನ್ನೂ ಸೇರಿಸಿ ಹೊಲಿದುಬಿಟ್ಟಳು. ಬಿಚ್ಚುತ್ತ ಕೂತಾಗ ಚೀಲದಲ್ಲಿದ್ದ ಬಾಮಿನ ಶೀಶೆ ಕಂಡಿತು. ಸರಿ, ಇದನ್ನು ಅವನ ಮುಂದಿಟ್ಟು ಬಂದುಬಿಡಬೇಕು. ಒಂದು ಮಾತೂ ಆಡಬಾರದು. ಮರ್ಯಾದೆಯಿಂದ.

*

ಕೌಂಟರಿನಲ್ಲಿ ಗುಂಗುರು ಒಬ್ಬಳೇ. ಇವಳನ್ನು ಕಂಡದ್ದೇ ನೆಟ್ಟಗೆ ನಿಂತು, ಗಂಟಲು ಸರಿಮಾಡಿಕೊಂಡು, ಒಂದೊಂದೇ ಪದವನ್ನು ಎತ್ತಿ ಎತ್ತಿ ಇಟ್ಟಳು.

"ನಮಸ್ಕಾರ. ಏನು... ತೊಂದರೆ? ಕೆಮ್ಮು? ನೆಗಡಿ? ಹೊಟ್ಟೆ... ಉಬ್ಬರಾನಾ?" ಕೆನ್ನೆ ಉಬ್ಬಿಸಿ ಕೈ ಮುಂದಕ್ಕೆ ಸರಿಸಿದಳು. "ಯಜಮಾನರಿಗಾ?"

ಅವಳ ಕಣ್ಣಲ್ಲಿ ಅಣಕವಿರಲಿಲ್ಲ. ಪಾಠ ಒಪ್ಪಿಸಿ ಭೇಷ್ ಅನ್ನಿಸಿಕೊಳ್ಳಲು ಕಾಯುವ ಮಗುವಿನ ಆತಂಕವಿತ್ತು.

ಶೀಶೆ ಹಿಡಿದ ಕೈ ಗಾಳಿಯಲ್ಲೇ ನಿಂತಿತು. "ಇದೆಲ್ಲ... ನಿಂಗೆ ಯಾರು ಕಲಿಸಿದ್ದು?"

"ನಾನು." ಒಳಗಿನಿಂದ ಅವನು ಬಂದ, ಕೈಯಲ್ಲೊಂದು ರಟ್ಟಿನ ಪೆಟ್ಟಿಗೆ. ಅದರಲ್ಲಿ ಅವನ ಚಹಾ ಲೋಟ, ಮಡಚಿದ ಬಿಳಿ ಕೋಟು. "ಸೋಮವಾರದಿಂದ ನಾನು ಬೇರೆ ಊರಿನ ಅಂಗಡಿಗೆ. ನಾಳೆಯೇ ಹೊರಡಬೇಕು. ನಾನಿಲ್ಲ ಅಂತ ನೀವು ಇಲ್ಲಿ ಬಂದು ಒದ್ದಾಡಬಾರದಲ್ಲ, ಅದಕ್ಕೆ ಇವಳಿಗೆ ನಮ್ಮ ಕಾಯಿಲೆಗಳನ್ನೆಲ್ಲ ಕಲಿಸಿದ್ದೀನಿ. ಬಲೂನು ಚೆನ್ನಾಗಿ ಬರುತ್ತೆ. ಗೊರಕೆ ಇನ್ನೂ ಸ್ವಲ್ಪ ಕಚ್ಚಾ."

ಅವಳಿಗೆ ನಗು ಬರಲಿಲ್ಲ. "ಹೋಗು ಅಂತ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ನಾನೇ ಕೇಳಿಕೊಂಡೆ."

"ಯಾಕೆ?"

ಅವನು ಪೆಟ್ಟಿಗೆಯನ್ನು ಕೌಂಟರಿನ ಮೇಲಿಟ್ಟ. ಲೋಟವನ್ನು ಸುಮ್ಮನೆ ತಿರುಗಿಸಿದ.

"ನಿಮ್ಮ ಯಜಮಾನರು ಒಳ್ಳೆಯವರೇ ಇರಬೇಕು. ಅಂಥವರ ಮೇಲೆ ದಿನಾ ಹೊಟ್ಟೆಕಿಚ್ಚು ಪಟ್ಟುಕೊಂಡು ಇರೋದು ನನ್ನ ಕೈಲಿ ಆಗ್ತಿಲ್ಲ. ಅವರಿಗೆ ಕೆಮ್ಮು ಅಂತ ನೀವು ಬಂದಾಗ, ಈ ಕೆಮ್ಮು ಇನ್ನೂ ನಾಕು ದಿನ ಇರಲಿ ಅನಿಸ್ತಿತ್ತು. ಆಗ ನೀವು ಮತ್ತೆ ಬರ್ತೀರಲ್ಲ ಅಂತ... ಔಷಧಿ ಕೊಡೋನಿಗೆ ಬರಬಾರದ ಯೋಚನೆ ಅದು."

ಅವಳು ಮೂಲೆಗೆ ನಡೆದಳು. ಮಸುಕು ಗಾಜಿನ ಬಾಗಿಲು ತೆರೆದು ಹಿಡಿದಳು.

"ಒಳಗೆ ಬನ್ನಿ. ಎಲ್ಲರೆದುರು ಹೇಳೋಕಾಗದ್ದು ಒಂದಿದೆ."

*

ಚಿಕ್ಕ ಕೋಣೆಯಲ್ಲಿ ಎರಡು ಕುರ್ಚಿ, ನಡುವೆ ರಕ್ತದೊತ್ತಡ ನೋಡುವ ಯಂತ್ರ. ಈಗ ಅದರ ಪಟ್ಟಿ ಯಾರ ತೋಳಿಗೆ ಸುತ್ತಿದ್ದರೂ ಯಂತ್ರಕ್ಕೇ ತಲೆಸುತ್ತು ಬರುತ್ತಿತ್ತು.

"ಯಜಮಾನರು ಹೋಗಿಬಿಟ್ರು," ಎಂದಳು.

ಅವನ ಮುಖ ಬಿಳಚಿಕೊಂಡಿತು. "ಯಾವಾಗ?"

"ಅಯ್ಯೋ, ಹಾಗಲ್ಲ. ಅವರು... ಇರಲೇ ಇಲ್ಲ."

ಅವನು ಬೆರಳು ಮಡಚಿ ಒಂದೊಂದೇ ಎಣಿಸತೊಡಗಿದ.

"ಕೆಮ್ಮು?"

"ನಂದು."

"ಹಿಮ್ಮಡಿ? ತಲೆಹೊಟ್ಟು?"

"ಎರಡೂ ನಂದು."

"ಮತ್ತೆ... ಗ್ಯಾಸು?"

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಬೆರಳುಗಳ ಸಂದಿಯಿಂದ ಸಣ್ಣ ದನಿ ಬಂತು. "ಅದೇ ಮೊದಲು ನಂದು."

ಗುಳಿ ಬೀಳುತ್ತದೆಂದು ಕಾದಳು. ಬೀಳಲಿಲ್ಲ. ಅವನ ದನಿ ಗಡುಸಾಯಿತು. "ಯಾರಿಗೆ ಅಂತ ಕೇಳೋದು ಕಾಟಾಚಾರಕ್ಕಲ್ಲ. ದೊಡ್ಡ ಗಂಡಸಿಗೆ ಅಂತ ಲೆಕ್ಕ ಹಾಕಿ ಕೊಡ್ತಿದ್ದೆ ನಾನು. ನಿಮಗೆ ಏನಾದ್ರೂ ಆಗಿದ್ದಿದ್ರೆ?"

ಅವಳ ಕಣ್ಣಂಚು ಒದ್ದೆಯಾಯಿತು. ಬೈಗುಳ ಅದು. ಆದರೆ ಅದರೊಳಗೆ 'ನಿಮಗೆ' ಇತ್ತು. ಮೊದಲ ಸಲ, ಅವರಿಗೆ ಅಲ್ಲ, ನಿಮಗೆ.

"ನಿಮ್ಮ ಮುಂದೆ ಗ್ಯಾಸು ಅನ್ನೋಕೆ ನಾಚಿಕೆ ಆಯ್ತು. ಒಂದು ಸಲ ಗಂಡ ಬಂದುಬಿಟ್ಟ, ಆಮೇಲೆ ಕಳಿಸೋದು ಹೇಗೆ ಅಂತ ತಿಳಿಯಲಿಲ್ಲ. ಸುಳ್ಳು ಹೇಳಿದ್ದಕ್ಕೆ ಬೈಯಿರಿ, ಎಷ್ಟು ಬೇಕಾದ್ರೂ ಬೈಯಿರಿ. ಇಲ್ಲೇ ಇದ್ದು ಬೈಯಿರಿ."

ಅವನು ನಿಟ್ಟುಸಿರು ಬಿಟ್ಟ. ಕುರ್ಚಿ ಎಳೆದುಕೊಂಡು ಎದುರು ಕೂತ.

"ಸರಿ. ಮೊದಲಿಂದ ಕೇಳ್ತೀನಿ. ಈ ಸಲ ನಿಜ ಹೇಳಬೇಕು. ತೊಂದರೆ ಯಾರಿಗೆ?"

"ನನಗೆ."

"ಏನು?"

"ಹೊಟ್ಟೆಕಿಚ್ಚು."

"ಯಾವಾಗಿಂದ?"

"ಆ ಗುಂಗುರು ಕೂದಲಿನವಳು ನಿಮ್ಮ ಕಾಲರು ಸರಿಮಾಡಿದಾಗಿಂದ. ನಿನ್ನೆ ಈ ಗಾಜಿನ ಹಿಂದೆ ಇಬ್ಬರನ್ನೂ ನೋಡಿದ ಮೇಲೆ ವಿಪರೀತ."

ಈಗ ಗುಳಿ ಬಿತ್ತು. "ಬೇರೆ ಔಷಧಿ ಏನಾದ್ರೂ ತಗೋತಿದ್ದೀರಾ?"

ಅವಳು ಮುಷ್ಟಿ ಬಿಚ್ಚಿ ಬಾಮಿನ ಶೀಶೆ ತೋರಿಸಿದಳು. "ಇದು. ಹಚ್ಚಿಕೊಂಡಿಲ್ಲ, ಖರ್ಚಾಗಿಹೋಗುತ್ತೆ ಅಂತ. ದಿನಾ ಮುಚ್ಚಳ ತೆಗೆದು ವಾಸನೆ ನೋಡಿ ಮುಚ್ಚಿಡ್ತೀನಿ."

ಅವನು ಶೀಶೆ ತೆಗೆದುಕೊಂಡು ಮುಚ್ಚಳ ತಿರುಗಿಸಿದ. ಬೆರಳ ತುದಿಯಲ್ಲಿ ಚೂರು ತೆಗೆದು ಅವಳ ಹಣೆಗೆ ಮೆಲ್ಲಗೆ ಹಚ್ಚಿದ. ಕೋಣೆಯೆಲ್ಲ ಊರಿನ ವಾಸನೆಯಾಯಿತು.

"ನಾಳೆ?" ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಮಾಲೀಕರ ಕೈಕಾಲು ಹಿಡಿದುಕೊಳ್ತೀನಿ. ಒಪ್ಪಲಿಲ್ಲ ಅಂದ್ರೆ ದಿನಾ ರೈಲಲ್ಲಿ ಓಡಾಡ್ತೀನಿ. ಈ ಊರು ಬಿಡಲ್ಲ."

ಬಾಗಿಲು ಒಂದಿಷ್ಟು ತೆರೆದುಕೊಂಡಿತು. ಸಂದಿಯಿಂದ ಗುಂಗುರು ಕೂದಲು ಮೊದಲು ಒಳಗೆ ಬಂತು, ಮುಖ ಆಮೇಲೆ. ಬಲೂನಿನ ಕೈಸನ್ನೆ ಮಾಡುತ್ತ, ಕಾಳಜಿಯಿಂದ, ಕಲಿತ ಮಾತನ್ನು ತಪ್ಪಿಲ್ಲದೆ ಕೇಳಿದಳು.

"ಯಜಮಾನರು... ಹೇಗಿದ್ದಾರೆ?"

ಅವಳು ಕಣ್ಣು ತೆರೆದು ಅವನನ್ನು ನೋಡಿದಳು.

"ಈಗ ಪರವಾಗಿಲ್ಲ," ಎಂದಳು. "ಎದುರಿಗೇ ಕೂತಿದ್ದಾರೆ."