ಐಸ್ ಪ್ಲಾಂಟಿನ ಬಾಗಿಲ ಅರಿಶಿನ

ಭಾನುಪ್ರಿಯ ಗೇಟು ತಳ್ಳಿಕೊಂಡು ಬಂದಾಗ ಗಂಗಯ್ಯ ಲತಾಮಣಿಯವರ ಜಗುಲಿಯ ಮೇಲೆ ಕೂತು, ಅವರು ಹುರಿದಿಟ್ಟಿದ್ದ ಕಡಲೆಕಾಯಿಯನ್ನು ಅವರಿಗಿಂತ ಬೇಗ ಖಾಲಿ ಮಾಡುತ್ತಿದ್ದ. ತುಂಬು ಬಸುರಿ. ಮರಳವಾಡಿಯಿಂದ ಕನಕಪುರದವರೆಗೆ ಬಸ್ಸಿನಲ್ಲಿ ನಿಂತೇ ಬಂದಿದ್ದಾಳೆಂದು ಊದಿದ ಪಾದ ನೋಡಿದರೇ ತಿಳಿಯುತ್ತಿತ್ತು. ಬದುಕೆಲ್ಲ ಕಂಡಕ್ಟರ್ ಆಗಿದ್ದ ಗಂಗಯ್ಯನಿಗೆ ಬಸುರಿಗೆ ಸೀಟು ಬಿಡದ ಜನರ ಮೇಲಿನ ಸಿಟ್ಟು ನಿವೃತ್ತಿಯಾದ ಮೇಲೂ ಇಳಿದಿರಲಿಲ್ಲ. ಎದ್ದು ತನ್ನ ಕುರ್ಚಿಯನ್ನೇ ಅವಳ ಮುಂದೆ ಎಳೆದಿಟ್ಟ.

"ನಮ್ಮನೆಯೋರ್ನ ಪೊಲೀಸ್ನೋರು ಹಿಡ್ಕೊಂಡೋಗವ್ರೆ ಮೇಡಂ. ನಾಳೆ ಜಡ್ಜಿ ಮುಂದೆ ನಿಲ್ಸಿ ಜೈಲಿಗೆ ಕಳುಸ್ತಾರಂತೆ. ಇನ್ನೇನು ಹೆರಿಗೆ ಹತ್ರ ಬಂದದೆ. ನಂಗೆ ಹಿಂದೂ ಇಲ್ಲ, ಮುಂದೂ ಇಲ್ಲ."

ಲತಾಮಣಿ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿದವರು. ಊರಿನ ಎರಡು ಮೂರು ಕಳವು, ಒಂದು ವಿಷಪ್ರಯೋಗದ ಗಂಟು ಬಿಡಿಸಿದ ಮೇಲೆ ಜನ ಅವರನ್ನು ಪತ್ತೇದಾರಿ ಮೇಡಂ ಎಂದೇ ಕರೆಯುತ್ತಿದ್ದರು. ಅವರು ಎಲ್ಲಿಗೆ ಹೋಗಬೇಕಾದರೂ ಗಂಗಯ್ಯನ ಸ್ಕೂಟರೇ ಗತಿ. ಅದಕ್ಕೆ ಪ್ರತಿಯಾಗಿ ಅವನಿಗೆ ಸಿಗುತ್ತಿದ್ದುದು ಕಡಲೆಕಾಯಿ ಮತ್ತು ಬೈಗುಳ.

"ಮೊದ್ಲು ನೀರು ಕುಡಿ. ಆಮೇಲೆ ಒಂದೂ ಬಿಡದೆ ಹೇಳು," ಎಂದರು ಲತಾಮಣಿ.

ಅವಳು ಹೇಳಿದ್ದು ಇಷ್ಟು. ಗಂಡ ಲೋಕೇಶ್, ಮರಳವಾಡಿ ಹೊರಗಿನ ಹೊಲಗಳ ನಡುವೆ ಪ್ರಕಾಶ್ ಎನ್ನುವವರು ನಡೆಸುವ ಐಸ್ ಪ್ಲಾಂಟಿನಲ್ಲಿ ಮೆಷಿನ್ ನೋಡಿಕೊಳ್ಳುವವನು. ಪ್ಲಾಂಟಿನ ಪಕ್ಕದ ಶೆಡ್ಡಿನಲ್ಲಿ ಮಂಜಿನ ನೆಲ ಹಾಸಿ, ಬೆಂಗಳೂರಿನ ಮಕ್ಕಳಿಗೆ ಜಾರುವ ಆಟ ಕಲಿಸಬೇಕೆಂಬುದು ಪ್ರಕಾಶರ ಆಸೆ. ಅದಕ್ಕೆಂದು ರಷ್ಯದಿಂದ ಗ್ಲೇಬ್ ಎಂಬ ವಯಸ್ಸಾದ ಐಸ್ ಹಾಕಿ ಆಟಗಾರ ಬಂದಿದ್ದ. ಕೆಲಸ ಕೊಡಿ ಎಂದು ತಾನೇ ಬರೆದುಕೊಂಡು ಬಂದವನು. ಇವತ್ತು ಶನಿವಾರ ಬೆಳಗ್ಗೆ ಆತ ಐಸು ಇಡುವ ಕೋಣೆಯೊಳಗೆ ಸತ್ತು ಬಿದ್ದಿದ್ದ. ಬಾಗಿಲಿಗೆ ಹೊರಗಿನಿಂದ ಚಿಲಕ. ರಾತ್ರಿ ಪಾಳಿ ಲೋಕೇಶನದು. ಒಳಗೆ ಕೂಡಿಹಾಕಿ ಚಳಿಯಲ್ಲಿ ಸಾಯಿಸಿದ್ದಾನೆ ಎಂಬುದು ಪೊಲೀಸರ ಮಾತು.

"ಅವ್ರಿಬ್ರಿಗೂ ಜಗಳ ಏನಾದ್ರೂ ಇತ್ತಾ?"

"ಎಲ್ಲಿ ಜಗಳ ಮೇಡಂ. ನಮ್ಮನೇಲೇ ಮುದ್ದೆ ತಿಂತಿದ್ದ. ಅವ್ನ ಟೀಮಿನ ಕತೆ ಹೇಳ್ತಾ ಹೇಳ್ತಾ ಅಳೋನು."

ಅವಳು ಹೇಳಿದ ಆ ಕತೆ ನಿಜಕ್ಕೂ ಅಳುವಂಥದ್ದೇ. ಜಿಮೊಗೊರ್ಸ್ಕ್ ಎಂಬ ಊರಿನ ಉಕ್ಕಿನ ಕಾರ್ಖಾನೆಯ ಕೆಲಸಗಾರರು ಕಟ್ಟಿದ ಕ್ಲಬ್ಬು ಅದು, ಹೆಸರು ಗೊರ್ನ್. ಕಾರ್ಖಾನೆ ಮುಚ್ಚಿತು. ಯಾವನೋ ಶ್ರೀಮಂತ ಕೊಂಡುಕೊಂಡು ಹೆಸರು ಬದಲಿಸಿದ. ಆಟಗಾರರಿಗೆ ಸಂಬಳವಿಲ್ಲ, ಕ್ರೀಡಾಂಗಣಕ್ಕೆ ರಿಪೇರಿಯಿಲ್ಲ. ಒಂದು ಚಳಿಗಾಲ ಮಂಜು ಕಟ್ಟುವ ಯಂತ್ರದ ಗ್ಯಾಸು ಸೋರಿ, ಅಭ್ಯಾಸ ಮಾಡುತ್ತಿದ್ದ ಹುಡುಗನೊಬ್ಬ ಸತ್ತ. ಅವನು ಗ್ಲೇಬನ ಮಗ. ಯಂತ್ರ ನೋಡಿಕೊಳ್ಳುತ್ತಿದ್ದ ಮುದುಕನನ್ನು ಜೈಲಿಗೆ ಹಾಕಿದರು, ಅವನು ಅಲ್ಲೇ ತೀರಿಕೊಂಡ. ಕ್ಲಬ್ಬನ್ನು ಲೀಗಿನಿಂದ ಹೊರಗೆ ಹಾಕಿದರು. ಬಹಳ ವರ್ಷಗಳ ಮೇಲೆ ಊರಿನ ಜನವೇ ಸೇರಿ ಬೆಲಿ ವೋಲ್ಕ್ ಎಂಬ ಹೊಸ ಹೆಸರಿನಲ್ಲಿ ಅದನ್ನು ಎಬ್ಬಿಸಿ ನಿಲ್ಲಿಸಿದ್ದರು. ಆ ಹೆಸರಿನ ಅಂಗಿಯನ್ನು ಗ್ಲೇಬ್ ಒಗೆದು ಒಗೆದು ದಿನಾ ತೊಡುತ್ತಿದ್ದ.

"ನಡುವೆ ಆ ಶ್ರೀಮಂತ ಇಟ್ಟಿದ್ದ ಹೆಸರು?" ಎಂದು ಲತಾಮಣಿ ಕೇಳಿದರು.

"ಅದನ್ನ ಬಾಯಲ್ಲೇ ಎತ್ತಕ್ಕಿಲ್ಲ ಅನ್ನೋನು. ಮಗನ್ನ ತಿಂದ ಹೆಸ್ರಂತೆ. ಆ ಊರ್ನಾಗೂ ಯಾರೂ ಹೇಳಕಿಲ್ವಂತೆ."

ಸೆರಗಿನಿಂದ ಕಣ್ಣೊರೆಸಿಕೊಂಡು ಭಾನುಪ್ರಿಯ ತಡೆದು ಮತ್ತೆ ಹೇಳಿದಳು. "ಇನ್ನೊಂದದೆ ಮೇಡಂ. ನಮ್ಮೋರು ರಾತ್ರಿ ಊಟಕ್ಕೆ ಮನೆಗೆ ಬಂದಿದ್ದೆ ಅಂತ ಪೊಲೀಸ್ನೋರ್ಗೆ ಹೇಳವ್ರೆ. ಬಂದಿರ್ಲಿಲ್ಲ. ಯಾಕೆ ಸುಳ್ಳು ಹೇಳ್ತಾವ್ರೋ ಗೊತ್ತಿಲ್ಲ. ಆಮೇಲೆ ಆ ಐಸ್ ಕೋಣೆ ಬಾಗ್ಲು... ನಿನ್ನೆ ಶುಕ್ರವಾರ ಅಂತ ನಾನೇ ಬಾಗ್ಲು ಚೌಕಟ್ಟಿಗೆಲ್ಲ ಅರಿಶಿನ ಬಳ್ದಿದ್ದೆ. ಇವತ್ತು ಹೊತ್ತಾರೆ ಬುತ್ತಿ ತಗೊಂಡ್ ಹೋದಾಗ ಅದು ಕೆಂಪಗೆ ಆಗಿತ್ತು, ರಕ್ತ ಬಳ್ದಂಗೆ. ಪೊಲೀಸ್ನೋರು ಬರೋ ಹೊತ್ಗೆ ಮತ್ತೆ ಹಳದಿ. ಬಸುರಿ, ಏನೋ ಕಂಡವ್ಳೆ ಅಂದ್ಬುಟ್ರು."

ಗಂಗಯ್ಯನಿಗೂ ಹಾಗೇ ಅನ್ನಿಸಿತ್ತು. ಆದರೆ ಲತಾಮಣಿಯವರ ಕೈಯಲ್ಲಿದ್ದ ಕಡಲೆಕಾಯಿ ಬಾಯಿಗೆ ಹೋಗದೆ ಅಲ್ಲೇ ನಿಂತಿತು.

"ಘಾಟು ಏನಾದ್ರೂ ಇತ್ತೇನಮ್ಮ?"

"ಆ ಪ್ಲಾಂಟಲ್ಲಿ ಯಾವಾಗ್ಲೂ ಒಸಿ ಘಾಟು ಇದ್ದದ್ದೇ."

"ಗಂಗಯ್ಯ, ಸ್ಕೂಟರ್ ತೆಗಿ," ಎಂದರು ಲತಾಮಣಿ.

ಠಾಣೆಯ ಇನ್‌ಸ್ಪೆಕ್ಟರ್ ಸುಚಿತ್ರಾ ಒಂದು ಕಾಲದಲ್ಲಿ ಲತಾಮಣಿಯವರ ಶಿಷ್ಯೆ. ರಷ್ಯದ ದೂತಾವಾಸದವರು ಒಪ್ಪುವವರೆಗೆ ಶವಪರೀಕ್ಷೆ ಇಲ್ಲ, ಅಲ್ಲಿಯವರೆಗೆ ಕೈಯಲ್ಲಿರುವ ಒಬ್ಬನೇ ಆರೋಪಿಯನ್ನು ಬಿಡಲಾಗದು ಎಂದಳು. ಲೋಕೇಶನನ್ನು ನೋಡಲು ಮಾತ್ರ ಅಡ್ಡಿಪಡಿಸಲಿಲ್ಲ.

ಲಾಕಪ್ಪಿನ ಮೂಲೆಯಲ್ಲಿ ಕೂತಿದ್ದವನಿಗೆ ಎದೆಯವರೆಗೆ ಗಡ್ಡ. ಕಣ್ಣು ಕೆಂಡದಂತೆ ಕೆಂಪು. ಕೆಮ್ಮಿ ಕೆಮ್ಮಿ ಬಗ್ಗಿ ಹೋಗುತ್ತಿದ್ದ. ಹೆಂಡತಿ ಬಸುರಾದರೆ ಗಂಡ ಗಡ್ಡಕ್ಕೆ ಕತ್ತಿ ತಾಗಿಸಬಾರದೆಂಬುದು ಈ ಕಡೆ ಹಳೆಯ ನೇಮ. ಗಂಗಯ್ಯನೂ ನಾಲ್ಕು ಮಕ್ಕಳಿಗೆ ನಾಲ್ಕು ಸಲ ಆ ತುರಿಕೆ ತಾಳಿಕೊಂಡವನೇ. ಆ ಕೆಂಪು ಕಣ್ಣು ನೋಡಿ, ಅತ್ತಿದ್ದಾನೆ ಪಾಪ ಎಂದುಕೊಂಡ.

"ಯಾಕಪ್ಪಾ ಸುಳ್ಳು ಹೇಳಿದೆ?" ಎಂದು ಲತಾಮಣಿ ಕೇಳಿದರು.

ಲೋಕೇಶ್ ಗೋಡೆಯ ಕಡೆ ತಿರುಗಿದ. "ನನ್ನ ಪಾಡಿಗೆ ನನ್ನ ಬುಟ್ಬುಡಿ ಮೇಡಂ. ನಾನು ಇಲ್ಲೇ ಇರಬೇಕಾದೋನು." ಅಷ್ಟೇ. ಮಂಡಿಗಳ ನಡುವೆ ಮುಖ ಹುದುಗಿಸಿಕೊಂಡ. ತಪ್ಪು ಮಾಡಿದವನ ಮಾತೇ ಅದು ಎಂದು ಹೊರಗೆ ಬರುವಾಗ ಗಂಗಯ್ಯನಿಗೆ ಅನ್ನಿಸಿತು, ಆದರೆ ಆಟೊದಲ್ಲಿ ಹಿಂದೆಯೇ ಬಂದು ಠಾಣೆಯ ಬಾಗಿಲಲ್ಲಿ ಕಾಯುತ್ತಿದ್ದ ಭಾನುಪ್ರಿಯಳ ಮುಖ ನೋಡಿ ಹೇಳುವ ಧೈರ್ಯ ಬರಲಿಲ್ಲ.

ಪ್ಲಾಂಟಿನಲ್ಲಿ ಮಾಲೀಕ ಪ್ರಕಾಶ್ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಯಂತ್ರಗಳ ಎಂಜಿನಿಯರ್ ನರೇಂದ್ರ, ನುಣ್ಣಗೆ ಬೋಳಿಸಿದ ಮುಖದವನು, ಅವರಿಗೆ ಸಮಾಧಾನ ಹೇಳುತ್ತಿದ್ದ. ಮೆಷಿನ್ ಕೋಣೆಯ ಬೀಗದ ಕೈ ಇದ್ದದ್ದು ಇವರಿಬ್ಬರ ಹತ್ತಿರ ಮತ್ತು ಲೋಕೇಶನ ಹತ್ತಿರ ಮಾತ್ರ.

ಐಸಿನ ಕೋಣೆಯ ಚೌಕಟ್ಟಿನ ಅರಿಶಿನ ಹಳದಿಯಾಗಿಯೇ ಇತ್ತು. ಕೋಣೆಯ ಮುಂದಿನ ಕಿರಿದಾದ ಓಣಿಯ ಗೋಡೆಯಲ್ಲಿ, ಗ್ಯಾಸು ಸೋರಿದರೆ ಹಾಕಿಕೊಳ್ಳಲೆಂದು ಎರಡು ಮುಖವಾಡ ನೇತು ಹಾಕಿದ್ದರು. ಲತಾಮಣಿ ಎರಡನ್ನೂ ಮೂಗಿನ ಹತ್ತಿರ ಹಿಡಿದು ನೋಡಿದರು. ಗಂಗಯ್ಯ ಅವುಗಳ ಮೇಲಿನ ಹಲಗೆ ಮುಟ್ಟಿ ಬೆರಳು ಒರೆಸಿಕೊಂಡ, ಅಷ್ಟು ಧೂಳು. ಮುಖವಾಡಗಳ ಮೇಲೆ ಮಾತ್ರ ಧೂಳಿನ ಸುಳಿವೇ ಇರಲಿಲ್ಲ.

"ಗ್ಲೇಬ್ ಆ ಕೋಣೆಗೆ ಯಾಕೆ ಹೋಗಿದ್ರು?" ಎಂದು ಲತಾಮಣಿ ಕೇಳಿದರು.

"ಕುಡ್ದಿದ್ದ ಅನ್ಸುತ್ತೆ ಮೇಡಂ," ಎಂದ ನರೇಂದ್ರ. "ಆ ಮೆತೆಲ್ ಟೀಮಿನೋರೇ ಹಂಗೆ. ಎಲ್ಲೆಂದ್ರಲ್ಲಿ ಬಿದ್ಕೋತಾರೆ."

"ನೀವು ರಷ್ಯ ನೋಡಿದೀರಾ?"

"ಎಲ್ಲಿ ಮೇಡಂ. ಹೆಚ್ಚಂದ್ರೆ ದುಬೈ."

ಲತಾಮಣಿ ತಲೆದೂಗಿ ಸ್ಕೂಟರ್ ಹತ್ತಿದರು. ದಾರಿಯಲ್ಲಿ ಸುಚಿತ್ರಾಗೆ ಫೋನು ಮಾಡಿ, ಗ್ಲೇಬನ ಫೋನಿನಲ್ಲಿರುವ ಕ್ಲಬ್ಬಿನವರನ್ನು ಹಿಡಿದು ಎರಡು ಪ್ರಶ್ನೆ ಕೇಳಲು ಹೇಳಿದರು. ಯಾವ ಪ್ರಶ್ನೆ ಎಂದು ಗಂಗಯ್ಯನಿಗೆ ಗಾಳಿಯ ಸದ್ದಿನಲ್ಲಿ ಕೇಳಿಸಲಿಲ್ಲ. ಮನೆ ಮುಟ್ಟಿದ ಮೇಲೆ ಕೇಳಿದರೆ, "ನಾಳೆ ಎಲ್ಲರ ಜೊತೆ ನೀನೂ ಕೇಳುವಿಯಂತೆ" ಎಂಬ ಉತ್ತರ ಸಿಕ್ಕಿತು. ಇಂಥ ಹೊತ್ತಿನಲ್ಲೇ ಅವನಿಗೆ ಆಕೆಯ ಮೇಲೆ ಮೈಯೆಲ್ಲ ಉರಿಯುತ್ತಿದ್ದುದು.

ಭಾನುವಾರ ಹೊತ್ತು ಏರುವ ಮೊದಲೇ ಎಲ್ಲರೂ ಪ್ಲಾಂಟಿನ ಆಫೀಸಿನಲ್ಲಿ ಸೇರಿದರು. ಪ್ರಕಾಶ್, ನರೇಂದ್ರ, ಭಾನುಪ್ರಿಯ ಒಂದು ಕಡೆ. ಸುಚಿತ್ರಾ ಲೋಕೇಶನನ್ನು ಕರೆತಂದು ಕಿಟಕಿಯ ಹತ್ತಿರ ಕೂರಿಸಿದ್ದಳು. ಹೆಂಡತಿಯ ಕಡೆ ಅವನು ಕಣ್ಣೆತ್ತಲಿಲ್ಲ.

ಲತಾಮಣಿ ಒದ್ದೆ ಬಟ್ಟೆಯ ತುಂಡಿಗೆ ಅರಿಶಿನ ಸವರಿ, ಒಂದು ಬಾಟಲಿಯ ಮುಚ್ಚಳ ತೆಗೆದು ಅದರ ಬಾಯಿಗೆ ಹಿಡಿದರು. ಘಾಟಿಗೆ ಗಂಗಯ್ಯನ ಕಣ್ಣಲ್ಲಿ ನೀರು ಬಂತು. ಎಲ್ಲರೂ ನೋಡುತ್ತಿದ್ದಂತೆ ಹಳದಿ ಬಟ್ಟೆ ಕೆಂಪಾಯಿತು.

"ಆರತಿ ನೀರಿಗೆ ಅರಿಶಿನ, ಸುಣ್ಣ ಕಲಸಿದರೆ ಕೆಂಪಾಗುವುದು ಎಲ್ಲರಿಗೂ ಗೊತ್ತು. ಆದರೆ ಸುಣ್ಣದ ಕೆಂಪು ತಾನಾಗಿ ಹೀಗೆ ಹೋಗುವುದಿಲ್ಲ. ಇದು ಅಮೋನಿಯ, ಈ ಪ್ಲಾಂಟಿನ ಕೊಳವೆಗಳಲ್ಲಿ ಹರಿಯುವ ಗ್ಯಾಸು." ಬಟ್ಟೆಯನ್ನು ಕಿಟಕಿಯ ಗಾಳಿಗೆ ಹಿಡಿದರು. ಕೆಂಪು ನಿಧಾನವಾಗಿ ಇಳಿದು ಹಳದಿ ಉಳಿಯಿತು. "ಭಾನುಪ್ರಿಯ ಕಂಡಿದ್ದು ಸುಳ್ಳಲ್ಲ. ಆ ರಾತ್ರಿ ಐಸಿನ ಕೋಣೆಯಲ್ಲಿ ಗ್ಯಾಸು ತುಂಬಿತ್ತು, ಬಾಗಿಲ ಸಂದಿಯಿಂದ ಓಣಿಗೂ ಸೋರಿತ್ತು. ಗ್ಲೇಬ್ ಸತ್ತದ್ದು ಚಳಿಯಿಂದಲ್ಲ. ಶವಪರೀಕ್ಷೆಯಲ್ಲಿ ಅವರ ಶ್ವಾಸಕೋಶ ನೋಡಿದರೆ ತಿಳಿಯುತ್ತದೆ."

"ಆದ್ರೆ ಪೊಲೀಸ್ನೋರು ಬಂದಾಗ ಲೀಕೇ ಇರ್ಲಿಲ್ವಲ್ಲ," ಎಂದರು ಪ್ರಕಾಶ್.

"ಅದೇ ನೋಡಿ. ಮೊದಲೇ ಐಸಿನ ಕೋಣೆಯೊಳಗಿನ ಕೊಳವೆಯ ಜಾಯಿಂಟ್ ಸಡಿಲ ಮಾಡಿ, ನೆಪ ಹೇಳಿ ಅವರನ್ನು ಒಳಗೆ ಕಳಿಸಿ ಚಿಲಕ ಹಾಕಿ, ಹಿಂದಿನ ಮೆಷಿನ್ ಕೋಣೆಯಿಂದ ಗ್ಯಾಸು ಬಿಟ್ಟಿದ್ದಾರೆ. ಎಲ್ಲ ಮುಗಿದ ಮೇಲೆ ಒಳಗೆ ಹೋಗಿ ಜಾಯಿಂಟ್ ಬಿಗಿದು, ಫ್ಯಾನು ಹಾಕಿ ಗಾಳಿಯಾಡಿಸಿ, ಮತ್ತೆ ಚಿಲಕ ಹಾಕಿದ್ದಾರೆ. ಆ ಗ್ಯಾಸಿನಲ್ಲಿ ನಿಂತು ಕೆಲಸ ಮಾಡಲು ಮುಖವಾಡ ಬೇಕು. ಆ ಮುಖವಾಡ ಕೆನ್ನೆ, ಗಲ್ಲಕ್ಕೆ ಅಂಟಿಕೊಂಡು ಕೂತರೆ ಮಾತ್ರ ಕಾಪಾಡುತ್ತದೆ. ಲೋಕೇಶನ ಗಡ್ಡದ ಮೇಲೆ ಅದು ಕೂರುವುದಿಲ್ಲ. ಹಾಗಾಗಿ ಈ ಕೆಲಸ ಅವನ ಕೈಯಲ್ಲಿ ಆಗುವಂಥದ್ದಲ್ಲ."

ಭಾನುಪ್ರಿಯಳ ಬಾಯಿಂದ ಅಳುವೋ ಉಸಿರೋ ತಿಳಿಯದ ಒಂದು ಸದ್ದು ಬಂತು.

"ಮೆಷಿನ್ ಕೋಣೆಯ ಬೀಗದ ಕೈ ಇದ್ದವರಲ್ಲಿ ಉಳಿದವರು ಇಬ್ಬರು. ಗ್ಲೇಬ್ ಇಲ್ಲಿ ಯಾರ ಮುಂದೆಯೂ ಕ್ಲಬ್ಬಿನ ನಡುವಿನ ಹೆಸರು ಎತ್ತಿದವರಲ್ಲ. ಅಂಗಿಯ ಮೇಲಿದ್ದುದು ಈಗಿನ ಹೆಸರು. ಆದರೆ ನರೇಂದ್ರ ನಿನ್ನೆ ಅವರನ್ನು ಮೆತೆಲ್ ಟೀಮಿನವರು ಎಂದರು. ಸುಚಿತ್ರಾ, ಆ ಊರಿನವರು ಏನಂದರು?"

"ಮೆತೆಲ್ ಅನ್ನೋ ಹೆಸರು ಇದ್ದದ್ದು ಆ ಹುಡುಗ ಸತ್ತ ಕಾಲದಲ್ಲಿ ಮಾತ್ರವಂತೆ ಮೇಡಂ," ಎಂದಳು ಸುಚಿತ್ರಾ. "ಆಗ ಮಂಜಿನ ಯಂತ್ರಕ್ಕೆ ಒಬ್ಬ ಭಾರತದ ಎಂಜಿನಿಯರ್ ಇದ್ದನಂತೆ. ಅಪಘಾತ ಆದ ವಾರದಲ್ಲೇ ಊರು ಬಿಟ್ಟನಂತೆ. ಹೆಸರು ನರೇಂದ್ರ."

ನರೇಂದ್ರ ಓಡಲಿಲ್ಲ, ಕೂಗಾಡಲಿಲ್ಲ. ಕುರ್ಚಿಯಲ್ಲೇ ಕುಸಿದು ಮುಖ ಮುಚ್ಚಿಕೊಂಡ.

"ಜಾಯಿಂಟ್ ಹಳೇದಾಗಿದೆ ಅಂತ ಹೇಳ್ದೆ, ಕ್ಲಬ್ಬಿನೋರು ಕೇಳ್ಲಿಲ್ಲ. ಮ್ಯಾಚ್ ಇದೆ, ಮೆಷಿನ್ ಆನ್ ಮಾಡು ಅಂದ್ರು. ಸಂಬಳ ಇಲ್ಲ, ವಾಪಸ್ ಬರೋಕೆ ಟಿಕೆಟ್ ಇಲ್ಲ, ಮಾಡಿದೆ. ಆ ಮುದುಕನ್ನ ಹಿಡ್ಕೊಂಡ್ರು, ನಾನು ಸುಮ್ನಿದ್ದೆ. ಗ್ಲೇಬ್ ನನ್ನ ಹುಡುಕ್ಕೊಂಡೇ ಇಲ್ಲಿಗೆ ಬಂದು, ನಮ್ಮೂರಿಗೆ ಬಂದು ನಿಜ ಹೇಳು, ಆ ಮುದುಕನ ಮೇಲಿನ ಕಳಂಕ ತೊಳಿ ಅಂದ. ನಂಗೂ ಹೆಂಡ್ತಿ ಮಕ್ಕಳಿದಾರೆ ಮೇಡಂ."

ಪೊಲೀಸರು ಅವನನ್ನು ಜೀಪಿಗೆ ಹತ್ತಿಸಿದರು. ಸುಚಿತ್ರಾ ಲೋಕೇಶನ ಕೈಕೋಳ ಬಿಚ್ಚಿಸಿ, ಮನೆಗೆ ಹೋಗಬಹುದೆಂದಳು. ಅವನು ಕೂತಲ್ಲಿಂದ ಅಲುಗಲಿಲ್ಲ.

"ಮೇಡಂ, ಒಂದು ಅರ್ಥ ಆಗ್ಲಿಲ್ಲ," ಎಂದು ಗಂಗಯ್ಯ ಬಾಯಿ ಬಿಟ್ಟ. "ಮುಖವಾಡ ಎರಡರ ಮೇಲೂ ಧೂಳಿರ್ಲಿಲ್ಲ. ಇನ್ನೊಂದ್ನ ಹಾಕ್ಕೊಂಡೋರು ಯಾರು?"

ಕೇಳಿದ ಕ್ಷಣವೇ ಕೇಳಬಾರದಿತ್ತು ಅನ್ನಿಸಿತು. ಲತಾಮಣಿಯವರ ಕಣ್ಣು ಲೋಕೇಶನ ಕೆಂಪು ಕಣ್ಣಿನ ಮೇಲಿತ್ತು.

"ನಾನೇ," ಎಂದ ಲೋಕೇಶ್. ಕೆಮ್ಮು ಅಡ್ಡ ಬಂದು ತಡೆದ. "ಗೇಟ್ ತಾವ್ನಿಂದ ಒಳಕ್ಕೆ ಬಂದೆ. ಬಾಗ್ಲು ತಟ್ಟೋ ಸದ್ದು. ಓಣಿ ತುಂಬ ಗ್ಯಾಸು. ಲೀಕಾಗೈತೆ, ನನ್ ಮೆಷಿನ್ನೇ ಕೈ ಕೊಟ್ಟೈತೆ ಅನ್ಕೊಂಡೆ. ಒಂದೇ ಮುಖವಾಡ ನೇತಾಡ್ತಿತ್ತು. ಹಾಕ್ಕೊಂಡೆ. ನಾಕು ಹೆಜ್ಜೆ ಹೋಗೋವಷ್ಟ್ರಲ್ಲಿ ಗಡ್ಡದ ಸಂದಿಯಿಂದ ಒಳಕ್ಕೆ ಬಂದ್ಬುಡ್ತು. ಉಸ್ರು ಕಟ್ತು. ತಿರುಗಿ ಓಡ್ದೆ. ಅವ್ನು ಒಳಗಿಂದ ನನ್ ಹೆಸ್ರು ಕರೀತಿದ್ದ ಮೇಡಂ. ಗೇಟ್ ತಾವ ನಿಂತ್ಕೊಂಡು ಕೇಳುಸ್ಕೊಂಡೆ. ಆಮೇಲೆ ಕರೀಲಿಲ್ಲ."

ಮಾರನೆಯ ಬೆಳಗ್ಗೆ ಅವನ ಕೆಮ್ಮು ಕಂಡ ನರೇಂದ್ರ, ಊಟಕ್ಕೆ ಹೋಗಿದ್ದೆ ಎನ್ನು, ಇಲ್ಲದಿದ್ದರೆ ನಿನ್ನ ಮೇಲೇ ಬರುತ್ತದೆ ಎಂದು ಬುದ್ಧಿ ಹೇಳಿದ್ದನಂತೆ. ಆದರೆ ಲೋಕೇಶ್ ಹೂಂ ಎಂದದ್ದು ಪೊಲೀಸರ ಭಯಕ್ಕಲ್ಲ. ಓಡಿದೆ ಎಂದು ಹೆಂಡತಿಗೆ ಹೇಗೆ ಹೇಳುವುದೆಂದು ತಿಳಿಯದೆ.

ಗಂಗಯ್ಯ ಲತಾಮಣಿಯವರ ಕಡೆ ನೋಡಿದ. ಎಷ್ಟೋ ಪ್ರಕರಣಗಳ ಕೊನೆಯಲ್ಲಿ ಅವರ ಮುಖದಲ್ಲಿ ಒಂದು ಗೆಲುವು ಕಂಡಿದ್ದ. ಇವತ್ತು ಅವರು ಬಾಟಲಿಯ ಮುಚ್ಚಳವನ್ನು ಸುಮ್ಮನೆ ಬಿಗಿಯುತ್ತಿದ್ದರು, ಬಿಗಿದಾದ ಮೇಲೂ ಬಿಗಿಯುತ್ತಿದ್ದರು.

ಭಾನುಪ್ರಿಯ ಎದ್ದು ಹೋಗಿ ಗಂಡನ ಎದುರು ನಿಂತಳು.

"ಮನೆಗೆ ನಡೀರಿ."

"ನಾನ್ ಬರಕ್ಕಿಲ್ಲ. ಎಲ್ಲಿ ಕುಂತ್ರೂ ಅದೇ ಕೇಳುಸ್ತೈತೆ ಕಣೆ. ಅವ್ನು ಕರೆಯೋದು."

ಭಾನುಪ್ರಿಯ ಬಗ್ಗಲಾರದೆ ಬಗ್ಗಿ ಅವನ ಕೈ ಹಿಡಿದುಕೊಂಡಳು.

"ಕೇಳುಸ್ಕೊಂಡೇ ಬನ್ನಿ," ಎಂದಳು. "ನನ್ ಕೈಲಿ ಒಬ್ಳೇ ಆಗಕ್ಕಿಲ್ಲ."