ನಲವತ್ತು ನಿಮಿಷದ ಉತ್ತರ

ಗುಡಿಸುವಾಕೆ ಮಗಳ ಕೈ ಹಿಡಿದುಕೊಂಡು ಲೆಕ್ಕದ ಮೇಡಂ ಮನೆಬಾಗಿಲಿಗೆ ಬಂದಾಗ ಕಾಲೇಜಿನ ಅಚ್ಚುಕೂಟದ ಬೈಂಡರ್ ಅಲ್ಲೇ ಇದ್ದ. ಕಾಲೇಜಿನಲ್ಲಿ ಏನೇ ಕಳವಾದರೂ ನಿವೃತ್ತ ಮೇಡಂ ಪತ್ತೆಹಚ್ಚುವುದು, ಬೈಂಡರ್ ಅವರ ಹಿಂದೆ ಹಿಂದೆ ತಿರುಗುವುದು ಹತ್ತು ವರ್ಷದ ರೂಢಿ.

"ನನ್ನ ಮಗಳು ಕಳ್ಳಿಯಂತೆ ಮೇಡಂ! ಸಂಜೆ ಪ್ರಿನ್ಸಿಪಾಲ್ರು ರುಜು ಹಾಕಿದ್ರೆ ಮೂರು ವರ್ಷ ಯಾವ ಪರೀಕ್ಷೆಗೂ ಕೂರೋ ಹಾಗಿಲ್ಲ."

ಪ್ರವೇಶ ಪರೀಕ್ಷೆಯ ಪ್ರಶ್ನೆಪತ್ರಿಕೆ ಅಚ್ಚಾದದ್ದು ಕಾಲೇಜಿನ ಅಚ್ಚುಕೂಟದಲ್ಲೇ. ತೆಗೆದ ಕರಡು ಪ್ರತಿಗಳು ಎಂಟು, ಗುಟ್ಟು ಹೊರಬೀಳದಿರಲೆಂದು ಸುಟ್ಟದ್ದು ಏಳೇ. ಅಲ್ಲಿ ಕಸ ಗುಡಿಸುವವಳು ಈಕೆ, ಬೀಗದಕೈಯೂ ಈಕೆಯ ಬಳಿ. ಅಷ್ಟು ಸಾಕಾಗಿತ್ತು. ಆ ಹುಡುಗಿ ಬೈಂಡರನ ಮಗಳ ಜೀವದ ಗೆಳತಿ; ಇಬ್ಬರೂ ಒಟ್ಟಿಗೇ ಪರೀಕ್ಷೆ ಬರೆದಿದ್ದರು.

ಮೇಡಂ ನೇರವಾಗಿ ಅಚ್ಚುಕೂಟಕ್ಕೆ ನಡೆದರು. ಫೋರ್‌ಮನ್ ತಲೆ ಕೆರೆದುಕೊಂಡ. "ಕರಡಲ್ಲಿ ತಿದ್ದಿದ್ದು ಒಂದೇ. ನಲವತ್ತು ಕಿಲೋಮೀಟರ್ ಲೆಕ್ಕದಲ್ಲಿ ಬಸ್ಸಿನ ವೇಗ ಅರವತ್ತು ಇತ್ತು, ಎಂಬತ್ತು ಮಾಡಿದ್ವಿ."

ಬೈಂಡರನ ಮೇಜಿನ ಕೆಳಗೆ ರದ್ದಿ ಹಾಳೆಗಳ ಬುಟ್ಟಿ ಇತ್ತು. ಮೇಡಂ ಅದರ ಕಡೆ ಬೆರಳು ತೋರಿದರು. "ಇದನ್ನೆಲ್ಲ ಏನು ಮಾಡ್ತೀಯಪ್ಪ?"

"ಗಟ್ಟಿಯಾಗಿರ್ಲಿ ಅಂತ ರಟ್ಟಿನೊಳಗೆ ಅಂಟಿಸ್ತೀನಿ. ಯಾವ ಹಾಳೆ ಅಂತ ನೋಡೋಕೆ ಹೋಗಲ್ಲ. ಪರೀಕ್ಷೆಗೆ ಮುಂಚೆ ಮಗಳಿಗೂ ಒಂದು ನೋಟ್‌ಬುಕ್ ಕಟ್ಟಿಕೊಟ್ಟೆ."

ಮೇಡಂ ಅಲ್ಲಿಂದ ಗುಡಿಸುವಾಕೆಯ ಮಗಳ ಹತ್ತಿರ ಹೋಗಿ, ಪರೀಕ್ಷೆ ಮುಗಿದ ಮೇಲೆ ಯಾರ್ಯಾರು ಸೇರಿ ಉತ್ತರ ತಾಳೆ ನೋಡಿದರೆಂದು ಕೇಳಿಕೊಂಡರು.

ಸಂಜೆ ಪ್ರಿನ್ಸಿಪಾಲರ ಕೋಣೆಯಲ್ಲಿ ಎಲ್ಲರೂ ಸೇರಿದರು. ಇವರ ಜತೆ ಪರೀಕ್ಷೆ ಬರೆದಿದ್ದ ಕಾಲೇಜು ಕ್ಲರ್ಕನ ಮಗನನ್ನು ಮೇಡಂ ಕೇಳಿದರು. "ಪರೀಕ್ಷೆ ಮುಗಿಸಿ ಮೂವರೂ ಮೆಟ್ಟಿಲ ಮೇಲೆ ಕೂತು ಉತ್ತರ ತಾಳೆ ನೋಡಿದ್ರಲ್ಲ, ಬಸ್ಸಿನ ಲೆಕ್ಕಕ್ಕೆ ಯಾರ್ಯಾರು ಏನಂದ್ರಿ?"

"ನಾನೂ ಇವಳೂ ಮೂವತ್ತು ನಿಮಿಷ ಅಂದ್ವಿ," ಎಂದು ಅವನು ಗುಡಿಸುವಾಕೆಯ ಮಗಳನ್ನು ತೋರಿಸಿದ. "ಬೈಂಡರ್ ಮಾಮನ ಮಗಳು ನಲವತ್ತೇ ಅಂತ ಹಟ ಹಿಡಿದ್ಲು. ಆಮೇಲೆ ಪ್ರಶ್ನೆಪತ್ರಿಕೆ ನೋಡಿ ಮುಖ ಸಣ್ಣ ಮಾಡ್ಕೊಂಡ್ಲು."

ಮೇಡಂ ಬೈಂಡರನ ಕಡೆ ನೋಡದೆ ಮಾತಾಡಿದರು. "ವೇಗ ಎಂಬತ್ತಾದ್ರೆ ಮೂವತ್ತು ನಿಮಿಷ. ನಲವತ್ತು ಬರೋದು ವೇಗ ಅರವತ್ತಾದ್ರೆ. ಆ ಅರವತ್ತು ಇದ್ದದ್ದು ಕರಡಲ್ಲಿ ಮಾತ್ರ. ನೋಡಿದ ಪ್ರಶ್ನೆಯೇ ಅಂದ್ಕೊಂಡು, ಪೂರ್ತಿ ಓದದೆ ಬಾಯಿಪಾಠದ ಉತ್ತರ ಬರೆದಿದ್ದಾಳೆ. ಕರಡನ್ನ ಯಾರೂ ಕದ್ದಿಲ್ಲ. ಅದು ರದ್ದಿ ಬುಟ್ಟಿಗೆ ಬಿದ್ದು, ಅಲ್ಲಿಂದ ನೋಟ್‌ಬುಕ್ಕಿನ ರಟ್ಟಿನೊಳಗೆ ಹೋಯ್ತು."

ಬೈಂಡರ್ ಮಗಳ ಕಡೆ ತಿರುಗಿದ. "ಆ ನೋಟ್‌ಬುಕ್ ಎಲ್ಲಿ ಮಗಳೇ?"

"ರಟ್ಟು ಕಿತ್ತುಬಂತಪ್ಪ. ಒಳಗಿದ್ದದ್ದನ್ನ ಓದಿಬಿಟ್ಟೆ. ಆಮೇಲೆ ಸುಟ್ಟುಹಾಕ್ದೆ."

ಗುಡಿಸುವಾಕೆಯ ಮಗಳು ಗೆಳತಿಯನ್ನೇ ದಿಟ್ಟಿಸಿದಳು. "ಮೂರು ದಿನದಿಂದ ನನ್ನ ಪಕ್ಕದಲ್ಲೇ ಕೂತು ಅಳ್ತಿದ್ದೆಯಲ್ಲೇ! ಒಂದು ಮಾತು ಹೇಳೋಕಾಗ್ಲಿಲ್ವಾ?"

"ನನ್ನನ್ನ ಯಾರೂ ಕೇಳ್ಲೇ ಇಲ್ಲ ಕಣೇ. ಎಲ್ಲರೂ ಸೀದಾ ನಿಮ್ಮನೆಗೇ ಬಂದ್ರು."

ಗುಡಿಸುವಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬೈಂಡರನಿಗೆ ಅವಳ ಕಡೆ ತಲೆಯೆತ್ತಿ ನೋಡಲಾಗಲಿಲ್ಲ. ಇಷ್ಟು ನಾಚಿಕೆ ಅವನಿಗೆ ಜನ್ಮದಲ್ಲಿ ಆಗಿರಲಿಲ್ಲ.

ಪ್ರಿನ್ಸಿಪಾಲರು ರುಜು ಹಾಕಬೇಕಿದ್ದ ಕಾಗದದ ಮೇಲಿನ ಗುಡಿಸುವಾಕೆಯ ಮಗಳ ಹೆಸರನ್ನು ಹೊಡೆದುಹಾಕಿದರು. ಅದರ ಜಾಗದಲ್ಲಿ ಇನ್ನೊಂದು ಹೆಸರು ಬರೆಯಲು ಕೈ ಬಾರದೆ ಪೆನ್ನು ಹಿಡಿದು ಕೂತರು. ಬೈಂಡರ್ ಮೇಜಿನ ಹತ್ತಿರ ಹೋಗಿ, ಮಗಳ ಹೆಸರನ್ನು ತನ್ನ ಹೆಸರಿನ ಇನಿಷಿಯಲ್ ಸಮೇತ ತಾನೇ ಹೇಳಿ ಬರೆಸಿದ.