ಗೋಣಿಚೀಲದಲ್ಲಿ ಬಂದ ಕೆಂಪು ಸ್ಪ್ರಿಂಗ್‌ಗಳು

"ಮೇಡಂ, ಇದಕ್ಕೆ ಸರಿಹೋಗೋ ಶಾಕ್ ಅಬ್ಸಾರ್ಬರ್ ಒಂದು ಜೊತೆ ಕೊಡಿ."

ಅವನು ಗೋಣಿಚೀಲವನ್ನು ಕೌಂಟರಿನ ಮೇಲೆ ಬೋರಲು ಹಾಕಿದ. ಎರಡು ಕೆಂಪು ಸ್ಪ್ರಿಂಗ್‌ಗಳು ಹೊರಬಿದ್ದವು. ಒಂದು ಅಲ್ಲೇ ನಿಂತಿತು. ಇನ್ನೊಂದು ನಿಧಾನವಾಗಿ ಉರುಳುತ್ತಾ ಬಂದು ಅವಳ ಬೆರಳಿಗೆ ತಾಗಿ ನಿಂತಿತು... ಗುರುತು ಹಿಡಿದ ಹಾಗೆ!

ಆ ಅಂಗಡಿಯಲ್ಲಿ ಮಾರುತ್ತಿದ್ದದ್ದು ಕಾರಿನ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ರಬ್ಬರ್ ಬುಷ್ಷು. ಗಿರಾಕಿಗಳು ಗಾಡಿ ತರುವ ಮೊದಲು ಗಾಡಿಯ ಸದ್ದನ್ನು ಬಾಯಲ್ಲಿ ತರುತ್ತಿದ್ದರು. "ಕಿರ್ರ್ ಅಂತದೆ" ಎಂದು ಯಾರಾದರೂ ಹೇಳಿದರೆ, "ಬರೀ ಕಿರ್ರೋ, ಕಿರ್ರ್-ಕುಯ್ಯೋ?" ಎಂದು ಆ ಸದ್ದನ್ನು ಗಿರಾಕಿಯ ಗೊಗ್ಗರು ಗಂಟಲಿನ ಸಮೇತ ವಾಪಸ್ ಕೊಟ್ಟು, ಯಾವುದು ಸವೆದಿದೆ ಎಂದು ಅವಳು ಕೂತಲ್ಲೇ ಹೇಳಿಬಿಡುತ್ತಿದ್ದಳು. ಅಂಗಡಿಯ ಯಜಮಾನ ಅವಳ ಸೋದರಮಾವ. ಅವನು ಅವಳನ್ನು ಕರೆಯುತ್ತಿದ್ದದ್ದೇ ಟೇಪ್ ರೆಕಾರ್ಡರ್ ಎಂದು.

ಈಗ ಟೇಪ್ ರೆಕಾರ್ಡರಿನ ಉಸಿರೇ ನಿಂತಿತ್ತು.

ಸ್ಪ್ರಿಂಗಿನ ಕೊನೆಯ ಸುತ್ತನ್ನು ಯಾರೋ ಕತ್ತರಿಸಿ, ಅರದಿಂದ ಉಜ್ಜಿ ನಯ ಮಾಡಿದ್ದರು. ಆ ತುದಿಯಲ್ಲಿ ನೀಲಿ ನೇಲ್ ಪಾಲಿಷ್. ಒಂದರ ಮೇಲೆ ಒಂದು ಚುಕ್ಕೆ, ಇನ್ನೊಂದರ ಮೇಲೆ ಎರಡು.

'ಎಡಕ್ಕೆ ಒಂದು, ಬಲಕ್ಕೆ ಎರಡು. ನಿನ್ನ ಪಾಲಿಷ್ ಖಾಲಿಯಾದ್ರೆ ಹೊಸದು ಕೊಡಿಸ್ತೀನಿ ಕಣೇ, ಅಳ್ಬೇಡ!'

ಅಣ್ಣನ ಮಾತು. ಹೊಸದು ಕೊಡಿಸಲು ಅಣ್ಣ ಉಳಿಯಲಿಲ್ಲ.

ಎರಡು ವರ್ಷದ ಹಿಂದೆ ತನ್ನ ಪುಟ್ಟ ಕಾರಿನ ಎತ್ತರ ತಗ್ಗಿಸಬೇಕೆಂದು ಅವನೇ ಈ ಸ್ಪ್ರಿಂಗ್‌ಗಳನ್ನು ಕತ್ತರಿಸಿದ್ದ. ಬೆಟ್ಟದ ರಸ್ತೆಗೆ ಹೋದವನು ಮನೆಗೆ ಬರಲಿಲ್ಲ. ಕಾರು ಗುಜರಿಗೆ ಹೋಯಿತು. ಮೈಯೆಲ್ಲ ಮುದ್ದೆಯಾದ ಕಾರಿನಲ್ಲಿ ಇವೆರಡು ಮಾತ್ರ ಸೊಟ್ಟಗಾಗದೆ ಉಳಿದು, ಇಂದು ಯಾರದೋ ಕೈ ಹಿಡಿದು ಮತ್ತೆ ಬಂದಿದ್ದವು.

ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿ ಇನ್ನೊಂದಿತ್ತು. ಸ್ಪ್ರಿಂಗ್ ಗಿಡ್ಡವಾದರೆ ಶಾಕ್ ಅಬ್ಸಾರ್ಬರೂ ಗಿಡ್ಡವಿರಬೇಕು. ಇಲ್ಲದಿದ್ದರೆ ಚಕ್ರ ಹಳ್ಳಕ್ಕೆ ಇಳಿದಾಗ ಸ್ಪ್ರಿಂಗ್ ಸಡಿಲಾಗಿ, ತಾನು ಕೂರುವ ಬಟ್ಟಲಿನಿಂದ ಜಾರುತ್ತದೆ. ಗಿಡ್ಡನೆಯವು ಅಂದು ಅಂಗಡಿಯಲ್ಲಿ ಇರಲಿಲ್ಲ. 'ಮಾಮೂಲಿದೇ ಕೊಡೇ, ಮಾವನಿಗೆ ಹೇಳ್ಬೇಡ' ಎಂದು ಅಣ್ಣ ಗೋಗರೆದಿದ್ದ.

ಕೊಟ್ಟವಳು ಇವಳೇ. ಇದೇ ಕೌಂಟರಿನಿಂದ... ನಗುನಗುತ್ತಾ!

"ಮೇಡಂ? ಗುಜರೀಲಿ ಸಿಕ್ತು. ಕಲರ್ ನೋಡಿ, ಬೆಂಕಿ!"

"ಇದಕ್ಕೆ ಶಾಕ್ ಅಬ್ಸಾರ್ಬರ್ ಇಲ್ಲ."

ಅವನು ಅವಳ ಹಿಂದೆ ಸೂರಿನವರೆಗೆ ಪೇರಿಸಿದ್ದ ಡಬ್ಬಿಗಳನ್ನು ನೋಡಿದ. "ಮತ್ತೆ ಅವೇನು, ಹಾರ್ಮೋನಿಯಂಗಳಾ?"

"ಕತ್ತರಿಸಿದ ಸ್ಪ್ರಿಂಗಿಗೆ ನಾನು ಕೊಡಲ್ಲ."

"ನೀವು ಶಾಕ್ ಮಾರ್ತೀರೋ, ಬರೀ ಶಾಕ್ ಕೊಡ್ತೀರೋ?"

ಅವನು ನಕ್ಕ. ಆ ನಗು ಚೆನ್ನಾಗಿತ್ತು ಎಂಬುದಕ್ಕೇ ಅವಳಿಗೆ ಇನ್ನಷ್ಟು ಭಯವಾಯಿತು.

"ಗಾಡೀಲಿ ಏನು ಭಾರ ಹಾಕ್ತೀರಾ? ಎಂಥಾ ರಸ್ತೆ?" ಎಂದು ಕೇಳಿದಳು.

ಅವನು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವವನು. ವಾರಕ್ಕೆರಡು ದಿನ ಹಾಸಿಗೆ ಹಿಡಿದವರ ಮನೆಗೇ ಹೋಗುತ್ತಾನೆ. ಹಿಂದಿನ ಸೀಟಿನಲ್ಲಿ ಮಷೀನು. ಕಾರು ನೆಲಕ್ಕೆ ಮೈಯೊತ್ತಿ ಕೂರಬೇಕೆಂಬುದು ಕಾಲೇಜು ದಿನಗಳ ಆಸೆ.

"ಐವತ್ತು ಮಿಲಿಮೀಟರ್ ಇಳಿಸ್ಬೇಕು ಮೇಡಂ."

"ಐವತ್ತು ಇಳಿಸಿದ್ರೆ ಹಂಪ್ ಹಂಪಿಗೂ ಗಾಡಿ ಹೊಟ್ಟೆ ತುರಿಸ್ಕೊಳ್ಳತ್ತೆ. ಮೂವತ್ತು ಸಾಕು. ಸ್ಪ್ರಿಂಗೂ ಗಿಡ್ಡ, ಶಾಕೂ ಗಿಡ್ಡ, ಜೊತೇಲಿ ದುಡಿಯೋಕೇ ಮಾಡಿರೋ ಸೆಟ್. ಆರ್ಡರ್ ಮಾಡಿ ತರಿಸ್ತೀನಿ."

"ಓಹೋ... ಸೆಟ್ ಮಾರ್ಬೇಕು. ಅದಕ್ಕೇ ನನ್ನ ಸ್ಪ್ರಿಂಗಿಗೆ ಕೆಟ್ಟ ಹೆಸರು!"

ತಮಾಷೆಗೆ ಅಂದದ್ದೇ. ಆದರೂ ಆ ಮಾತು ಹೋಗಿ ನಾಟುವಲ್ಲಿ ನಾಟಿತು.

ಮರುದಿನ ಅವನು ಮತ್ತೆ ಬಂದ. ಅದರ ಮರುದಿನವೂ ಬಂದ. ಚೀಲ ಅವನ ಕೈಯಲ್ಲೇ ಇರುತ್ತಿತ್ತು, ನೆಪ ಮಾತ್ರ ದಿನಕ್ಕೊಂದು. ಅವನ ಕಿವಿ ಎಂಥದೆಂದರೆ ಮಾವ ಯಾವ ಚಪ್ಪಲಿ ಹಾಕಿದ್ದಾನೆಂದು ಬೆನ್ನು ತಿರುಗಿಸಿಯೇ ಹೇಳುತ್ತಿದ್ದ. ಅವಳು ಮಾವ ಫೋನಿನಲ್ಲಿ "ಹಲೋಽಽ ಯಾರದುಽಽ" ಎನ್ನುವುದನ್ನು ಅಣಕಿಸಿದರೆ ಕೌಂಟರಿಗೆ ತಲೆಯಿಟ್ಟು ನಗುತ್ತಿದ್ದ.

"ನನ್ನ ಪಗಾರದಲ್ಲೇ ನನ್ನನ್ನ ಅಣಕಿಸ್ತಾಳೆ ನೋಡಿ ಡಾಕ್ಟ್ರೇ!" ಎಂದು ಮಾವ ಒಳಗಿನಿಂದ ಗೊಣಗುತ್ತಿದ್ದ.

ಎರಡು ವರ್ಷದಿಂದ ಯಾರಿಗಾಗಿಯೂ ಕಾಯದವಳು ಈಗ ಅವನು ಬರುವ ಹನ್ನೊಂದು ಗಂಟೆಗಾಗಿ ಕಾಯತೊಡಗಿದಳು. ಅವನು ಬಾಗಿಲಿಗೆ ಬಂದಾಗ ಎದೆ ಅರಳುತ್ತಿತ್ತು. ಅವನ ಕೈಯ ಚೀಲ ಕಂಡಾಗ ಅದೇ ಎದೆ ಮುದುಡುತ್ತಿತ್ತು. ಚೀಲದೊಳಗೆ ಅವು ಒಂದಕ್ಕೊಂದು ತಾಗಿ ಕಿಣಿ ಎನ್ನುತ್ತಿದ್ದವು. ಯಾವುದಕ್ಕೋ ಸರದಿ ಕಾಯುತ್ತಾ ಕುಳಿತವರು ಬೆರಳು ಮುರಿದಂತೆ.

ಐದನೇ ದಿನ ಅವನು ದನಿ ತಗ್ಗಿಸಿ ಕೇಳಿದ. "ಭಾನುವಾರ ಬೆಟ್ಟದ ರಸ್ತೆಗೆ ಹೋಗೋಣ ಅಂತಿದೀನಿ. ನೀವೂ ಬರ್ತೀರಾ?"

ಅವಳ ಕೈಲಿದ್ದ ಪೆನ್ನು ಕೆಳಗೆ ಬಿತ್ತು.

"ಆ ಸ್ಪ್ರಿಂಗ್ ನಂಗೆ ಕೊಟ್ಬಿಡಿ. ಬಿಸಾಕ್ತೀನಿ."

"ಯಾಕೆ? ಒಂದೇ ಒಂದು ಕಾರಣ ಹೇಳಿ, ಈಗಲೇ ಕೊಡ್ತೀನಿ."

ನಾಲ್ಕಡಿ ದೂರದಲ್ಲಿ ಮಾವ ಬುಷ್ಷುಗಳನ್ನು ಎಣಿಸುತ್ತಿದ್ದ. ಹೇಳಿದರೆ ಎಲ್ಲವನ್ನೂ ಹೇಳಬೇಕು. ಅಣ್ಣನನ್ನು... ನಾನೇ...

"ಬೇಡ ಅಂದ್ರೆ ಬೇಡ. ಅಷ್ಟೇ!"

ಅವನ ಮುಖ ಸಣ್ಣದಾಯಿತು. "ದಿನಾ ಹತ್ತು ಕಿವಿ ನೋಡ್ತೀನಿ ಮೇಡಂ. ಕೇಳಿಸಿದ್ರೂ ಕೇಳಿಸಲ್ಲ ಅಂತ ನಟಿಸೋರು ಗೊತ್ತಾಗ್ತಾರೆ. ನೀವು ಏನೋ ಮುಚ್ಚಿಡ್ತಿದೀರಿ. ಒಂದು ಸೆಟ್ ಮಾರೋದು ಅಷ್ಟು ಮುಖ್ಯಾನಾ? ನಾನು ಬೇರೇನೋ ಅಂದ್ಕೊಂಡಿದ್ದೆ."

ಚೀಲ ಎತ್ತಿಕೊಂಡು ಹೋದ. ಕಿಣಿ... ಕಿಣಿ... ಎಂಬ ಸದ್ದು ಬೀದಿಯ ತಿರುವಿನವರೆಗೂ ಕೇಳಿಸಿತು. ಮರುದಿನ ಹನ್ನೊಂದು ಬಂತು, ಅವನು ಬರಲಿಲ್ಲ.

ಭಾನುವಾರ ಅಂಗಡಿ ಮಧ್ಯಾಹ್ನದವರೆಗೆ ಮಾತ್ರ. ಹತ್ತು ಗಂಟೆಗೆ ಅಂಗಡಿಯ ಫೋನು ಬಡಿದುಕೊಂಡಿತು.

"ಮೇಡಂ, ನಾನು. ಅವತ್ತು ಒರಟಾಗಿ ಮಾತಾಡ್ದೆ, ಸಾರಿ." ಹಿಂದೆ ಎಂಜಿನ್ ಗುರುಗುಟ್ಟುತ್ತಿತ್ತು. "ಬೇರೆ ಕಡೆ ಮಾಮೂಲಿ ಶಾಕ್ ಅಬ್ಸಾರ್ಬರ್ ಜೊತೆ ಹಾಕಿಸ್ಬಿಟ್ಟೆ. ಬೆಕ್ಕು ಹೊಂಚು ಹಾಕಿ ಕೂತ ಹಾಗಿದೆ ಗಾಡಿ! ಒಂದೇ ಒಂದು ಸದ್ದು ಬರ್ತಿದೆ. ನಿಮಗೇ ಕೇಳಿಸ್ಬೇಕು ಅನ್ನಿಸ್ತು."

ಆಮೇಲೆ ಆ ಚುರುಕು ಕಿವಿಯವನು ಸದ್ದನ್ನು ಕೂದಲೆಳೆಯಷ್ಟೂ ತಪ್ಪದಂತೆ ಬಾಯಲ್ಲಿ ಮಾಡಿದ.

"ಟಿಂಗ್... ಟಿಂಗ್... ಡಬ್."

ಅವಳು ರಿಸೀವರನ್ನು ಕಿವಿಗೆ ಒತ್ತಿಕೊಂಡಳು.

ಕೊನೆಯ ದಿನ ಬೆಳಿಗ್ಗೆ ಅಣ್ಣ ಇದೇ ಕೌಂಟರಿಗೆ ಒರಗಿ ಇದೇ ಸದ್ದು ಮಾಡಿದ್ದ. ಅವಳು ಅದನ್ನು ಇನ್ನೂ ತಮಾಷೆಯಾಗಿ ಮಾಡಿ ತೋರಿಸಿ ನಕ್ಕಿದ್ದಳು. 'ಬುಷ್ ಇರ್ಬೇಕು ಬಿಡೋ. ಸಂಜೆ ಬಾ, ನೋಡೋಣ.'

ಆ ಸಂಜೆ ಬರಲೇ ಇಲ್ಲ.

"ಗಾಡಿ ನಿಲ್ಸಿ!"

"ಇನ್ನು ನಾಲ್ಕೇ ತಿರುವು ಮೇಡಂ, ಮೇಲೆ ಹೋಗಿ—"

"ನಿಲ್ಸಿ ಅಂದ್ನಲ್ಲಾ!"

"ಮತ್ತೆ ಸೆಟ್ ವಿಷಯಾನಾ?" ದನಿಯಲ್ಲಿ ಬೇಸರವಿತ್ತು. ಅದರ ಹಿಂದೆ, ಈಗ ಅವನ ಬಾಯಿಯದಲ್ಲದ, ಕಾರಿನದೇ ಸದ್ದು. ಟಿಂಗ್... ಡಬ್.

ಮಾವ ತಲೆಯೆತ್ತಿದ. ಅವಳು ಮಾವನ ಕಣ್ಣನ್ನೇ ನೋಡುತ್ತಾ ಫೋನಿಗೆ ಹೇಳಿದಳು.

"ಆ ಸ್ಪ್ರಿಂಗ್ ನಮ್ಮಣ್ಣಂದು. ನೀಲಿ ಚುಕ್ಕೆ ನನ್ನ ನೇಲ್ ಪಾಲಿಷ್. ಅದಕ್ಕೆ ಮಾಮೂಲಿ ಶಾಕ್ ಅಬ್ಸಾರ್ಬರ್ ಕೊಟ್ಟೋಳು ನಾನೇ. ಯಾರಿಗೂ ಹೇಳಿಲ್ಲ. ಇದೇ ಸದ್ದು ಬಂದಿತ್ತು, ನಾನು ನಕ್ಕುಬಿಟ್ಟೆ. ಇದೇ ರಸ್ತೇಲಿ ಅವನು ಸತ್ತ... ನಿಮ್ಮ ದಮ್ಮಯ್ಯ, ನಿಲ್ಸಿ!"

ಫೋನಿನಲ್ಲಿ ಇನ್ನೊಂದು ಟಿಂಗ್... ಆಮೇಲೆ ಟೈರಿನಡಿ ಜಲ್ಲಿ ಪುಡಿಯಾದ ಸದ್ದು. ಹ್ಯಾಂಡ್ ಬ್ರೇಕ್ ಎಳೆದ ಸದ್ದು.

"ನಿಲ್ಸಿದೀನಿ."

ಅವಳು ರಿಸೀವರ್ ಇಡುವಷ್ಟರಲ್ಲಿ ಮಾವ ಎದ್ದು ನಿಂತಿದ್ದ.

"ನೀನಾ?"

"ಹೂಂ ಮಾವ."

ಮಾವ ಗೋಡೆಯ ಕಡೆ ತಿರುಗಿದ. ಮೊಳೆಗೆ ನೇತು ಹಾಕಿದ್ದ ವ್ಯಾನಿನ ಕೀ ತೆಗೆದುಕೊಂಡ. "ನಡಿ. ಬೈಯೋದೇನಿದ್ರೂ ಆಮೇಲೆ."

ಕಾರು ತಿರುವಿಗೆ ಹತ್ತು ಮಾರು ಮೊದಲು ನಿಂತಿತ್ತು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಬರೀ ಗಾಳಿ. ಮಾವ ಜಾಕ್ ಏರಿಸಿ ಬಲಗಡೆಯ ಮುಂದಿನ ಚಕ್ರ ಬಿಚ್ಚಿದ.

ಎರಡು ಚುಕ್ಕೆಯ ಸ್ಪ್ರಿಂಗ್ ಬಟ್ಟಲಿನಿಂದ ಜಾರಿ, ಕತ್ತರಿಸಿದ ತುದಿಯನ್ನು ಟೈರಿನ ಒಳಮೈಗೆ ಒರಗಿಸಿಕೊಂಡಿತ್ತು. ಟೈರಿನ ಸುತ್ತಲೂ ಉಂಗುರದಂತೆ ಗೀರು ಬಿದ್ದು ಒಳಗಿನ ಬಿಳಿ ನೂಲು ಎದ್ದುಬಂದಿತ್ತು. ಮಾವ ಅದರ ಮೇಲೆ ಬೆರಳಿಟ್ಟು, ಬಿಸಿ ತಾಗಿದಂತೆ ತೆಗೆದುಬಿಟ್ಟ.

"ಇನ್ನೊಂದು ತಿರುವು ಹೋಗಿದ್ರೆ..." ಮಾವ ಪ್ರಪಾತದ ಕಡೆ ನೋಡಿದ.

ಆಮೇಲೆ ಟೈರಿಗೇ ಹೇಳುವಂತೆ ಹೇಳಿದ. "ಅವನು ಮೊದಲು ನನ್ನ ಹತ್ರಾನೇ ಬಂದಿದ್ದ ಪುಟ್ಟಿ. ಮುಖಕ್ಕೆ ಉಗಿದು ಕಳಿಸ್ದೆ. ಕೂರಿಸ್ಕೊಂಡು ತಿಳಿಸಿ ಹೇಳಿದ್ರೆ, ಕದ್ದು ನಿನ್ನ ಹತ್ರ ಬರ್ತಿರ್ಲಿಲ್ಲ. ನಾನೂ ಯಾರಿಗೂ ಹೇಳಿಲ್ಲ."

ಅವಳು ಮಾವನ ಗ್ರೀಸು ಮೆತ್ತಿದ ತೋಳನ್ನು ಹಿಡಿದು ಅತ್ತಳು. ಎರಡು ವರ್ಷದಲ್ಲಿ ಮೊದಲ ಸಲ ದನಿ ತೆಗೆದು ಅತ್ತಳು.

"ಅಮ್ಮನಿಗೆ?"

"ಇಬ್ರೂ ಹೋಗಿ ಹೇಳೋಣ."

ಮಾವ ವ್ಯಾನಿನ ಕಡೆ ಹೋದಾಗ ಅವನು ಹತ್ತಿರ ಬಂದ. ಬೆವರು ಅವನ ಕುತ್ತಿಗೆಯಲ್ಲಿ ಇಳಿಯುತ್ತಿತ್ತು.

"ನಿಮ್ಮನ್ನ ವ್ಯಾಪಾರಿ ಅಂದೆ."

"ಅಲ್ಲ ಅಂತ ನಾನೂ ಹೇಳ್ಲಿಲ್ವಲ್ಲ."

"ವಾರವೆಲ್ಲಾ ಬಂದಿದ್ದು ಶಾಕ್ ಅಬ್ಸಾರ್ಬರಿಗಲ್ಲ."

"ಗೊತ್ತು."

"ಹೇಗೆ?"

"ಅಂಗಡಿ ಬಾಗಿಲಿಗೆ ಬಂದ ಕೂಡ್ಲೇ ನಿಮ್ಮ ನಡಿಗೆ ನಿಧಾನ ಆಗ್ತಿತ್ತು. ನಂಗೂ ಕಿವಿ ಇದೆ."

ವಿಷಯ ತಿಳಿದ ಅಮ್ಮ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಮನೆಯಲ್ಲಿ ಗಡಿಯಾರವೊಂದೇ ಮಾತಾಡುತ್ತಿತ್ತು. ಅವಳು ಅಮ್ಮನ ಕೋಣೆಯ ಬಾಗಿಲಲ್ಲೇ ಕುಳಿತಿದ್ದಳು. ಮೂರನೇ ದಿನ ಒಳಗಿನಿಂದ ದನಿ ಬಂತು.

"ಆ ಹುಡುಗ ಹುಷಾರಾಗಿದಾನಾ?"

"ಇದಾನಮ್ಮ."

"ಹಾಗಾದ್ರೆ ಎದ್ದು ಊಟ ಮಾಡು."

ವಾರದ ಮೇಲೆ ಸೆಟ್ ಬಂತು. ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಅವಳೇ ಮಾವನ ಜೊತೆ ನಿಂತು ಅದನ್ನು ನಾಲ್ಕು ಚಕ್ರಕ್ಕೂ ಕೂರಿಸಿದಳು. ಪ್ರತಿ ಬಟ್ಟಲಿಗೂ ಬೆರಳು ಹಾಕಿ ನೋಡಿದಳು. ಮತ್ತೊಮ್ಮೆ ನೋಡಿದಳು. ಕಾರು ಕೆಳಗಿಳಿದ ಮೇಲೆ ಅವಳು ಸ್ಪ್ಯಾನರ್ ಹಿಡಿದು ಅಡಿಗೆ ತೂರಿದಾಗ ಅವನು ಮಂಡಿಯೂರಿ ಬಗ್ಗಿದ.

"ಇನ್ನೂ ಬೋಲ್ಟ್ ಬಿಗಿ ಮಾಡಿಲ್ವಾ?"

"ಕೊನೇ ಬಿಗಿ ಯಾವಾಗ್ಲೂ ಭಾರ ನೆಲಕ್ಕೆ ಬಂದ್ಮೇಲೇ. ಮೇಲೆ ನೇತಾಡ್ತಿರೋವಾಗ ಬಿಗಿದ್ರೆ ರಬ್ಬರ್ ತಿರುಚಿಕೊಂಡು ಹರಿಯತ್ತೆ."

"ಸರಿ. ನಿಂಗೊಂದು ಮಾತು ಕೊಡ್ತೀನಿ." ಮೊದಲ ಸಲ 'ನಿಂಗೆ' ಎಂದಿದ್ದ. "ಇನ್ಮೇಲೆ ನೀನು ಬೇಡ ಅಂದ್ರೆ ಬೇಡ. ಕಾರಣ ಕೇಳಲ್ಲ."

ಕಾರಿನಡಿ ಸ್ಪ್ಯಾನರ್ ನಿಂತಿತು.

"ಕೇಳ್ಬೇಕು."

"ಹಾಂ?"

"ನಾನು ಬಾಯಿ ಮುಚ್ಕೊಂಡ್ರೆ ಬಿಟ್ಟು ಹೋಗ್ಬೇಡಿ. ಜಗಳ ಆಡಿ, ಬೈಯಿರಿ, ಚಕ್ರದ ಪಕ್ಕ ಹೀಗೇ ಕೂತ್ಕೊಂಡಿರಿ... ಆದ್ರೆ ಕೇಳ್ತಾನೇ ಇರಿ. ನಾನು ಹೇಳೋವರೆಗೂ."

ಅವನು ನೆಲದ ಮೇಲೆ ಅಂಗಾತ ಮಲಗಿ, ಅಂಗಿಗೆ ಎಣ್ಣೆ ಮೆತ್ತಿಕೊಳ್ಳುವುದನ್ನೂ ಲೆಕ್ಕಿಸದೆ ಅವಳ ಪಕ್ಕಕ್ಕೆ ತೂರಿಕೊಂಡ.

"ಕೇಳ್ಲಾ ಹಾಗಾದ್ರೆ? ಈಗ್ಲೇ?"

"ಮೊದಲು ಆ ಸ್ಪ್ಯಾನರ್ ಹಿಡ್ಕೊಳ್ಳಿ. ನನ್ನ ಕೈ ನಡುಗ್ತಿದೆ."

"ನಂದೂ."

"ಹಾಗಾದ್ರೆ ಇಬ್ರೂ ಹಿಡಿಯೋಣ."